ಡೀಸೆಲ್ ವಾಸನೆ

"ವಾಸನೆ ಹಣ್ಣಿಂದಲ್ಲ ಸಾರ್, ಈ ಡ್ರೈವರ್ ಮೈದು. ಮೊದಲು ಇವರನ್ನ ತೊಳೀರಿ, ಆಮೇಲೆ ಹಣ್ಣು ತೊಳೆಯೋಣ."

ಶ್ರೀನಿವಾಸಪುರದ ನಮ್ಮ ಮಾವಿನ ತಿರುಳಿನ ಫ್ಯಾಕ್ಟರಿಗೆ ಟೆಸ್ಟಿಂಗ್ ಕೆಲಸಕ್ಕೆ ಸೇರಿದ ಮೂರನೇ ದಿನ ಗಂಗಾಲಕ್ಷ್ಮಿ ಆಡಿದ ಮಾತಿದು. ಹಣ್ಣು ಹೆಚ್ಚುತ್ತಿದ್ದ ಇಪ್ಪತ್ತು ಹೆಂಗಸರು ಕೈ ನಿಲ್ಲಿಸಿ ನಕ್ಕರು. ಮ್ಯಾನೇಜರ್ ಶಿವಶಂಕರ್ ಸಾರ್ ಕೂಡ ನಕ್ಕರು.

ನಾನು ಡೀಸೆಲ್ ಫೋರ್ಕ್‌ಲಿಫ್ಟಿನ ಮೇಲೆ, ತೋತಾಪುರಿ ಕ್ರೇಟುಗಳನ್ನು ಎತ್ತಿ ಹಿಡಿದು ಕೂತಿದ್ದೆ. ಎಲ್ಲವನ್ನೂ ಅಲ್ಲೇ ಬೀಳಿಸಿಬಿಡಬೇಕು ಅನ್ನಿಸಿತು. ಬೀಳಿಸಲಿಲ್ಲ. ಐದು ವರ್ಷದಲ್ಲಿ ಒಂದು ಕಾಯಿಯನ್ನೂ ಬೀಳಿಸಿದವನಲ್ಲ ನಾನು.

ಮಾರನೇ ದಿನ ಎರಡೆರಡು ಸಲ ಸೋಪು ಹಚ್ಚಿಕೊಂಡು ಸ್ನಾನ ಮಾಡಿ ಹೋದೆ. ಅವಳು ಮೇಜಿನಿಂದ ಕಣ್ಣೆತ್ತಿದಳು. ಮೂಗು ಸ್ವಲ್ಪವೇ ಅರಳಿತು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

"ಗಂಧದ ಸೋಪಾ?"

"ನಿಮಗ್ಯಾಕೆ ಮೇಡಂ?"

"ವಾಸನೆ ನೋಡೋದೇ ನನ್ನ ಕೆಲಸ ಕಣ್ರೀ."

ಹೆಚ್ಚುವ ಹೆಂಗಸರಲ್ಲಿ ಹಿರಿಯರಾದ ವೆಂಕಟರತ್ನಮ್ಮ ಅವತ್ತೇ ಶುರು ಮಾಡಿದರು. "ಏಮಿರಾ ಪೆಳ್ಳಿಕೊಡಕಾ, ಸೋಪೆಲ್ಲಾ ಖಾಲಿ ಮಾಡ್ಬಿಟ್ಯಾ?"

ತೆಲುಗಿನಲ್ಲಿ ನನ್ನನ್ನು ಮದುವೆಗಂಡು ಅಂದದ್ದು ಹುತ್ತೂರು ಕಡೆಯಿಂದ ಬಂದ ಗಂಗಾಲಕ್ಷ್ಮಿಗೆ ತಿಳಿಯಲಿಲ್ಲ ಅಂದುಕೊಂಡೆ. ಅವಳ ಕಿವಿ ಕೆಂಪಗಾಗಿತ್ತು.

ಜೂನಿನಲ್ಲಿ ಮ್ಯಾನೇಜರ್ ಒಂದು ಬ್ಯಾಟರಿ ಫೋರ್ಕ್‌ಲಿಫ್ಟನ್ನು ವಾರದ ಟ್ರಯಲ್‌ಗೆ ತರಿಸಿದರು. ಎರಡರಲ್ಲಿ ಯಾವುದು ಮೇಲು ಅಂತ ಬರೆದುಕೊಡುವ ಕೆಲಸ ಗಂಗಾಳದು. ಟೀ ಹೊತ್ತಿಗೆ ನೋಟ್‌ಬುಕ್ ಹಿಡಿದು ನನ್ನ ಪಕ್ಕ ಬಂದು ಕೂತಳು. ಅಷ್ಟರಲ್ಲಿ ನಾವು 'ನೀನು' ಅನ್ನುವಷ್ಟು ಹತ್ತಿರವಾಗಿದ್ದೆವು.

"ನಿಜ ಹೇಳೋ. ಯಾವುದು ವಾಸಿ?"

ಸುಳ್ಳು ಹೇಳಬಹುದಿತ್ತು. ಆದರೆ ಅವಳ ಕೂದಲಿನ ಒಂದು ಎಳೆ ಮಾವಿನ ರಸಕ್ಕೆ ಕೆನ್ನೆಗೆ ಅಂಟಿಕೊಂಡಿತ್ತು. ಅದನ್ನು ನೋಡುತ್ತಾ ಸುಳ್ಳು ಹೊರಡಲಿಲ್ಲ.

"ಹೊರಗಡೆ ಇಳಿಜಾರಲ್ಲಿ, ಮಳೇಲಿ ನಂದೇ ವಾಸಿ. ಐದು ನಿಮಿಷದಲ್ಲಿ ಡೀಸೆಲ್ ತುಂಬ್ಕೊಂಡು ಓಡುತ್ತೆ. ಅದಕ್ಕೆ ಎಂಟು ಗಂಟೆ ಚಾರ್ಜ್ ಬೇಕು. ಎರಡನೇ ಶಿಫ್ಟಲ್ಲಿ ಮಲಗ್ಬಿಡುತ್ತೆ."

"ಒಳಗೆ?"

"ಒಳಗೆ ಅದೇ. ಹೊಗೆ ಇಲ್ಲ, ಸದ್ದಿಲ್ಲ. ಹಣ್ಣು ಮಾಗೋ ರೂಮಿಗೆ ನನ್ನ ಗಾಡಿ ಹೋಗ್ಲೇಬಾರ್ದು."

ಅವಳ ಪೆನ್ನು ನಿಂತಿತು. "ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೊಳ್ತಿದೀಯ, ಗೊತ್ತಾ?"

"ನೀನ್ ಕೇಳ್ದೆ, ಹೇಳ್ದೆ."

ನೋಟ್‌ಬುಕ್ಕಿನ ಹಾಳೆ ತಿರುಗಿಸಿದಳು. "ಎಷ್ಟು ಓದಿದೀಯ?"

"ಎಸ್ಸೆಸ್ಸೆಲ್ಸಿ ಪಾಸು."

ಗಾಡಿಯ ಬಗ್ಗೆ ಒಂದೂ ಸುಳ್ಳಾಡದವನು ನನ್ನ ಬಗ್ಗೆ ಆಡಿದೆ. ನಮ್ಮೂರು ರಾಯಲ್ಪಾಡಿನಲ್ಲಿ ನಾನು ಸ್ಕೂಲು ಬಿಟ್ಟದ್ದು ಎಂಟನೇ ಕ್ಲಾಸಿಗೆ. ಡಿಪ್ಲೊಮಾ ಓದಿದವಳ ಮುಂದೆ ಎಂಟು ಅನ್ನಲು ನಾಲಿಗೆ ಏಳಲಿಲ್ಲ. ಅವಳು ಅದನ್ನೂ ಬರೆದುಕೊಂಡದ್ದು ನನಗೆ ಗೊತ್ತಾಗಲಿಲ್ಲ.

ಸೀಸನ್ ಮುಗಿಯುವ ಶನಿವಾರ ಮ್ಯಾನೇಜರ್ ಎಲ್ಲರನ್ನೂ ಸೇರಿಸಿದರು. "ಎರಡು ಬ್ಯಾಟರಿ ಗಾಡಿ ಬರ್ತಿವೆ. ಒಂದು ಓಡುವಾಗ ಒಂದು ಚಾರ್ಜಿಗೆ. ಡೀಸೆಲ್ ಗಾಡಿ ಮಾರ್ತೀವಿ. ಟ್ರೇನಿಂಗಿಗೆ ಗಂಗಾಲಕ್ಷ್ಮಿಯವರು ನಮ್ಮ ಡ್ರೈವರ್ ಕದಿರೇಶನ ಹೆಸರು ಬರ್ದಿದಾರೆ. ಎಸ್ಸೆಸ್ಸೆಲ್ಸಿ ಆಗಿರ್ಲೇಬೇಕು ಅಂತ ರೂಲ್ಸು. ಸೋಮವಾರ ಮಾರ್ಕ್ಸ್ ಕಾರ್ಡ್ ತಂದ್ಕೊಡಪ್ಪಾ."

ಹೆಂಗಸರು ಚಪ್ಪಾಳೆ ತಟ್ಟಿದರು. ಗಂಗಾ ಎಲ್ಲರ ಮುಂದೆಯೇ ನನ್ನ ಹತ್ತಿರ ಬಂದಳು. ಮೊದಲ ದಿನ ಬೈದ ಅದೇ ಜಾಗ, ಅದೇ ಜನ.

"ಮಾಲೂರಲ್ಲಿ ಒಳ್ಳೇ ಕೆಲಸ ಸಿಕ್ಕಿತ್ತು ಕಣೋ. ಬೇಡ ಅಂದ್ಬಿಟ್ಟೆ," ಅಂದಳು. ದನಿ ತಗ್ಗಿತು. "ನಿನ್ನ ಈ ವಾಸನೆ ಬಂದ್ರೇನೇ ನಂಗೆ ಬೆಳಗಾಗೋದು. ನೀನಿರೋ ಕಡೇನೇ ನಾನಿರ್ತೀನಿ."

ಐದು ವರ್ಷ ಒಂದು ಕಾಯಿಯನ್ನೂ ಬೀಳಿಸದ ಕೈಗೆ ಮಾರ್ಕ್ಸ್ ಹಾಕುವವರು ಯಾರು? ಮ್ಯಾನೇಜರನ್ನು ಹಿಡಿದು ಕೇಳಬೇಕು ಅನ್ನಿಸಿತು. ಆದರೆ ಸುಳ್ಳು ಅವರದಲ್ಲ, ನನ್ನದು. ಅವಳು ನನ್ನನ್ನು ಬೈದ ದಿನ ತಿರುಗಿ ಬೈಯಲು ನೂರು ಮಾತಿದ್ದವು. ಇವತ್ತು ಜೇಬಿನಿಂದ ಗಾಡಿಯ ಕೀಲಿ ತೆಗೆದೆ.

ಅವಳ ನಗು ನಿಧಾನವಾಗಿ ಆರಿತು.

"ಕದಿರೇಶಾ? ಕಾರ್ಡ್ ಇದೆ ತಾನೇ?"

ಕೀಲಿಯನ್ನು ಅವಳ ಮೇಜಿನ ಮೇಲೆ, ರಸದ ಬಟ್ಟಲಿನ ಪಕ್ಕ ಇಟ್ಟೆ. ಇನ್ನೊಂದು ಸಲ ಕರೆದಳು. ನಾನು ಗೇಟು ದಾಟಿ, ರಾಯಲ್ಪಾಡಿನ ಬಸ್ಸು ನಿಲ್ಲುವ ಕಡೆಗೆ ತಿರುಗಿ ನೋಡದೆ ನಡೆದೆ.