ಬಲಗೈಯ ಜಾಗ

ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದಾಗ ಸ್ಕ್ಯಾನಿಂಗ್ ಕೇಂದ್ರದ ಟೆಕ್ನಿಷಿಯನ್ ಫೋನ್ ಮಾಡಿದ. ಕಿರುಮೆದುಳಿನ ಯಾವ ಭಾಗ ಯಾವ ಕೆಲಸ ನೋಡಿಕೊಳ್ಳುತ್ತದೆ ಎಂಬ ನಕ್ಷೆ ಮಾಡುವವರಿಗೆ ಹೋದ ವಾರ ನಾನೂ ತಲೆ ಕೊಟ್ಟು ಬಂದಿದ್ದೆ.

“ಅಕ್ಕಾ, ಸುಮ್ನಿರಿ ಅಂದಾಗ್ಲೂ ನಕ್ಷೇಲಿ ಬಲಗೈ ಜಾಗ ಹೊಳೀತಿದೆ. ಬೆರಳು ಆಡಿಸಿದ್ರಾ?”

“ಇಲ್ಲಪ್ಪ. ಬೇಕಾದ್ರೆ ಕೈ ಕಟ್ಟಿಹಾಕಿ ನೋಡು.”

ಹೋದ ವಾರ ನಾನು ಒಳಗಿದ್ದಾಗ ಹೊರಗೆ ಕಾದಿದ್ದ ನನ್ನ ಪುಟ್ಟ ಮಗಳ ಬಾಯಿಗೆ ಅವತ್ತಿನಿಂದ ಏನೋ ಮಾತು ಬಂದು ಬಂದು ನಿಲ್ಲುತ್ತಿತ್ತು. ಮಧ್ಯಾಹ್ನ ಮತ್ತೆ ಕೇಂದ್ರಕ್ಕೆ ಹೋಗಿ, ಅವಳನ್ನು ಹೊರಗಿನ ಬೆಂಚಿನಲ್ಲಿ ನನ್ನ ಅಮ್ಮನ ಪಕ್ಕ ಕೂರಿಸಿ ಒಳಗೆ ಹೋದೆ.

ಟೆಕ್ನಿಷಿಯನ್ ನನ್ನ ಬಲಗೈಯನ್ನು ಪಟ್ಟಿಯಿಂದ ಬಿಗಿದ. ಯಂತ್ರ ಬಡಿಯತೊಡಗಿತು. ಕೊಠಡಿಯಲ್ಲೆಲ್ಲ ಚಳಿ ಕೊರೆಯುತ್ತಿತ್ತು, ಅಂಗೈ ಮಾತ್ರ ಬೆಚ್ಚಗಾಯಿತು. ಅದರಡಿ ಚಿಕ್ಕ ಬೆನ್ನೊಂದು ಉಸಿರಾಡುತ್ತಿತ್ತು. ಮೂರು ಸಲ ತಟ್ಟುವುದು, ಒಮ್ಮೆ ಸವರುವುದು: ನಾನು ಮಗಳನ್ನು ಮಲಗಿಸುವ ರೀತಿಯೇ ಅದು. ನನ್ನ ಬೆರಳು ಕದಲಿರಲಿಲ್ಲ.

“ನೀನು ಯಾರಾದ್ರೂ ಆಗಿರು,” ಎಂದು ಯಂತ್ರದ ಕೊಳವೆಯೊಳಗಿಂದಲೇ ಗದರಿದೆ. “ನನ್ನ ಮಗಳನ್ನ ಮಲಗಿಸೋ ಕೈ ನಂದು. ಬಿಟ್ಟುಕೊಡಲ್ಲ.”

ಹೊರಗೆ ಎಳೆದಾಗ ಟೆಕ್ನಿಷಿಯನ್ ಮುಖ ಬಿಳಿಚಿಕೊಂಡಿತ್ತು. “ಮತ್ತೆ ಹೊಳೀತು. ಅಳಿಸಿಬಿಡ್ಲಾ ಅಕ್ಕ?”

“ಯಾಕೆ ಅಳಿಸ್ತೀಯ? ನನ್ ತಲೇಲಿರೋದು ನಿನ್ ನಕ್ಷೇಲೂ ಇರ್ಲಿ.”

ಬೆಂಚಿನ ಮೇಲೆ ಮಗಳು ಬೋರಲಾಗಿ ನಿದ್ದೆಹೋಗಿದ್ದಳು. ಅಮ್ಮನ ಎರಡೂ ಕೈ ಉಣ್ಣೆ ಹೆಣೆಯುವುದರಲ್ಲಿದ್ದವು.

“ತಾನಾಗೇ ಮಲಗ್ಬಿಟ್ಲು ಕಣೇ. ನಾನು ಮುಟ್ಲೂ ಇಲ್ಲ.”

ಎತ್ತಿಕೊಂಡೆ. ಮಗಳು ಕಣ್ಣುಬಿಟ್ಟು, ನನ್ನ ಮಣಿಕಟ್ಟಿನ ಮೇಲೆ ಪಟ್ಟಿ ಒತ್ತಿದ ಗುರುತನ್ನು ಸವರಿ, ಕೊನೆಗೂ ಕೇಳಿದಳು:

“ಅಮ್ಮಾ, ನೀನು ಒಳಗೆ ಹೋದಾಗೆಲ್ಲ ನನ್ನ ಬೆನ್ನು ತಟ್ಟೋದು ಯಾರು?”