ಅಳತೆ ಬಿಟ್ಟ ಡಾಕ್ಟರ್

"ಸ್ಪ್ಲಿಂಟ್ ಇಲ್ಲೇ ಬಿಚ್ಚಿಟ್ಟು ಒಳಗೆ ಹೋಗಿ" ಎಂದು ಫಿಸಿಯೋ ಮೇಡಂ ಹೇಳಿದಾಗ ಅವಳ ಎದೆ ಧಸಕ್ಕೆಂದಿತು.

ಮುಂಗೈಯಿಂದ ಬೆರಳ ತುದಿಯವರೆಗೆ ತಿಂಗಳಿಗೂ ಮೀರಿ ಕಾವಲಿದ್ದ ಪ್ಲಾಸ್ಟಿಕ್ ಕವಚ ಅದು. ಅದನ್ನು ಬಿಚ್ಚಿ ಬರಿಗೈಯಲ್ಲಿ ಪಕ್ಕದ ಕೋಣೆಗೆ ನಡೆಯಬೇಕಂತೆ! ಬಾಗಿಲು ತಗುಲಿದರೆ? ಸೀನು ಬಂದು ಬೆರಳು ತಾನಾಗಿಯೇ ಮಡಚಿಕೊಂಡರೆ? ಒಳಗಿನ ಹೊಲಿಗೆ ಪಟ್ಟನೆ ಕಿತ್ತುಹೋದರೆ...?

ಅಪ್ಪನ ಫ್ರೇಮ್ ಅಂಗಡಿಯಲ್ಲಿ ಚಿತ್ರಗಳಿಗೆ ಗಾಜು ಕತ್ತರಿಸುವುದು ಅವಳ ಕೆಲಸ. ಒಂದು ದಿನ ಗಾಜು ಜಾರಿ ಬಲಗೈಯ ಎರಡು ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ತುಂಡಾದವು. ಮನೆಯವರ ಬಾಯಲ್ಲಿ ಅದು 'ನರ'. ಆಸ್ಪತ್ರೆಯಲ್ಲಿ ಹೊಲಿದರು. ಇಂಥ ಕೈಗೆ ವ್ಯಾಯಾಮ ಬೇಗ ಕೊಡಬೇಕೋ ತಡವಾಗಿ ಕೊಡಬೇಕೋ ಎಂದು ಅಲ್ಲೊಂದು ಅಧ್ಯಯನ ನಡೆಯುತ್ತಿತ್ತು. ಅವಳೂ ಒಪ್ಪಿ ಸೇರಿದ್ದಳು.

ಅಲ್ಲಿಯ ನಿಯಮ ವಿಚಿತ್ರ. ಬೆರಳು ಅಳೆಯುವವರಿಗೆ ಯಾರಿಗೆ ಯಾವ ವ್ಯಾಯಾಮ ಎಂದು ಗೊತ್ತಾಗಬಾರದು. ಗೊತ್ತಾದರೆ ಕಣ್ಣು ಪಕ್ಷಪಾತ ಮಾಡುತ್ತದಂತೆ. ವ್ಯಾಯಾಮಕ್ಕೆ ತಕ್ಕಂತೆ ಸ್ಪ್ಲಿಂಟೂ ಬೇರೆ; ಅದು ಕಂಡರೆ ಗುಟ್ಟು ರಟ್ಟು. ಅದಕ್ಕೇ ಈ ಬರಿಗೈ ಪ್ರಯಾಣ.

ಎಡಗೈಯಲ್ಲಿ ಬಲಗೈಯನ್ನು ಹೊತ್ತುಕೊಂಡು ಒಳಗೆ ಹೋದಳು. ಮೇಜಿನ ಮೇಲೆ ಮಡಚಿದ ಟವೆಲ್, ಪುಟ್ಟ ಲೋಹದ ಕೋನಮಾಪಕ. ಅದರ ಹಿಂದೆ ಒಬ್ಬ ಯುವ ಡಾಕ್ಟರ್. ನಗಲು ಪುರುಸೊತ್ತೇ ಸಿಕ್ಕದವನ ಮುಖ.

ಅವಳು ಬಲಗೈಯನ್ನು ಎಡಗೈಯಿಂದ ಬಿಡದಿರುವುದನ್ನು ನೋಡಿ ಅವನು ಅಳತೆ ಶುರು ಮಾಡಲಿಲ್ಲ. ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಅವಳ ಮಣಿಕಟ್ಟಿನ ಕೆಳಗೆ ಇಟ್ಟ.

"ಭಯ ಆಗ್ತಿದ್ಯಾ?"

"ತುಂಡಾದ್ರೆ ಅಂತ..."

"ನಾನು ಎಳೆಯಲ್ಲ. ನಿಮಗೆ ಎಷ್ಟು ಬರುತ್ತೋ ಅಷ್ಟೇ ಮಡಚಿ."

ಮಡಚಿದಳು. ಬಂದದ್ದು ಅಷ್ಟಕ್ಕಷ್ಟೇ. ಆದರೆ ಗಾಯವಾದ ಮೇಲೆ ಮೊದಲ ಸಲ ಅವಳಿಗೆ ಆ ಕೈ ತನ್ನದೇ ಅನ್ನಿಸಿತು.

ಮುಂದಿನ ಸಲ ಬಂದಾಗ ಖುಷಿಯಿಂದ, ಮೇಡಂ ಹೇಳಿಕೊಟ್ಟ ವ್ಯಾಯಾಮದ ಸುದ್ದಿ ತೆಗೆದಳು. ಅವನು ತಟ್ಟನೆ ಕೈ ಅಡ್ಡ ಹಿಡಿದ. "ಹೇಳ್ಬೇಡಿ" ಅಂದ, ಅಷ್ಟೇ. ನಿಯಮ ಗೊತ್ತಿದ್ದರೂ ಅವಳ ಮುಖ ಸಪ್ಪಗಾಯಿತು. ಎಂಥ ಕಲ್ಲು ಮನುಷ್ಯ ಇವನು!

ಅಳತೆಯ ಕೊನೆಗೆ ಪ್ರಶ್ನೆಗಳಿರುತ್ತಿದ್ದವು. ಮುಚ್ಚಳ ತೆಗೆಯಲು ಕಷ್ಟವೇ? ಬೀಗ ತಿರುಗಿಸಲು? ರಾತ್ರಿ ನಿದ್ದೆಗೆ ತೊಂದರೆ ಆಗುತ್ತದೆಯೇ? ಅವನು ಒಂದೊಂದನ್ನೇ ಪಾಠ ಒಪ್ಪಿಸಿದಂತೆ ಓದುತ್ತಿದ್ದ. ಮೂರನೆಯ ಭೇಟಿಯಲ್ಲಿ ನಿದ್ದೆಯ ಪ್ರಶ್ನೆ ಬಂದಾಗ ಅವಳ ನಾಲಿಗೆ ಹಿಡಿತ ತಪ್ಪಿತು.

"ತೊಂದರೆ ಆಗುತ್ತೆ. ಆದ್ರೆ ಅದು ಬೆರಳಿಂದ ಅಲ್ಲ."

ಅವನ ಪೆನ್ನು ಕೆಳಗೆ ಬಿತ್ತು. ಕಿವಿ ಕೆಂಪಾಯಿತು. ಉಳಿದ ಪ್ರಶ್ನೆಗಳನ್ನು ತಲೆ ಎತ್ತದೆ ಮುಗಿಸಿದ.

ಅದರ ಮುಂದಿನ ಭೇಟಿಯಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು.

ಫಿಸಿಯೋ ಮೇಡಂ ಹತ್ತಿರ ಕೇಳಿದಳು. ಅವರು ಕಣ್ಣು ತಪ್ಪಿಸಿ, ಅವಳ ಅಳತೆ ತನಗೆ ಬೇಡ ಎಂದು ಡಾಕ್ಟರೇ ಕೇಳಿಕೊಂಡರು ಎಂದಷ್ಟೇ ಹೇಳಿದರು.

ಬೇಡವಂತೆ...! ಯಾಕೆ? ಹೆಚ್ಚು ಮಾತಾಡಿದ್ದಕ್ಕಾ? ಅಥವಾ... ನರ ಕಿತ್ತುಹೋಗಿರುವುದು ಅವನ ಕಣ್ಣಿಗೆ ಬಿದ್ದಿತ್ತಾ? ಅದನ್ನು ಹೇಳುವ ಧೈರ್ಯವಿಲ್ಲದೆ ತಪ್ಪಿಸಿಕೊಂಡನಾ?

ಮೊದಲ ಯೋಚನೆ ಅವಮಾನ. ಎರಡನೆಯದು ಜೀವ ಹಿಂಡುವ ಭಯ. ಭಯವೇ ಗೆದ್ದಿತು.

ಅವತ್ತಿನಿಂದ ವ್ಯಾಯಾಮಕ್ಕೆ ಕೂತರೆ ಬೆರಳೊಳಗೆ ಏನೋ ಟಕ್ ಅಂದಂತಾಗುತ್ತಿತ್ತು. ಬೆವರು ಕಿತ್ತುಬರುತ್ತಿತ್ತು. ಮಡಚಿದೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಕೈಯನ್ನು ದಿಂಬಿನ ಮೇಲೆ ಮಲಗಿಸಿಬಿಡುತ್ತಿದ್ದಳು. ಹೀಗೆ ಸುಮ್ಮನಿಟ್ಟರೆ ನರ ಒಳಗೇ ಅಂಟಿಕೊಳ್ಳುತ್ತದೆ ಎಂದು ಮೇಡಂ ಗದರಿದರು. ನರ ಕಿತ್ತೇ ಇಲ್ಲ, ಚೆನ್ನಾಗಿದೆ ಎಂದು ಆಣೆ ಮಾಡಿದರು. ಅವಳು ನಂಬಲಿಲ್ಲ. ಎಲ್ಲರೂ ಸೇರಿ ಸಮಾಧಾನ ಹೇಳುತ್ತಿದ್ದಾರೆ ಅಂದುಕೊಂಡಳು.

ಕೊನೆಯ ಅಳತೆಯೂ ಆಯಿತು. ಅಧ್ಯಯನದಲ್ಲಿ ಅವಳ ಪಾಲು ಮುಗಿಯಿತು.

ಅದೇ ಸಂಜೆ ಆ ಡಾಕ್ಟರ್ ಅಂಗಡಿಗೆ ಬಂದ. ಗಾಜಿನ ಹಾಳೆಗಳ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತ. ಅಪ್ಪ ಒಮ್ಮೆ ಅವನನ್ನು, ಒಮ್ಮೆ ಮಗಳನ್ನು ನೋಡಿ, ಅಂಗಡಿ ತುಂಬ ಮೊಳೆಗಳು ಬಿದ್ದಿದ್ದರೂ ಮೊಳೆ ತರುತ್ತೇನೆಂದು ಹೊರಗೆ ಹೋದರು.

ಅವಳು ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿದಳು.

"ಈಗ ಹೇಳೋಕೆ ಬಂದ್ರಾ? ನರ ಹೋಗಿದೆ ಅಂತ?"

ಅವನು ತಬ್ಬಿಬ್ಬಾದ. "ಯಾರು ಹೇಳಿದ್ದು? ಹೊಲಿಗೆ ಗಟ್ಟಿಯಾಗೇ ಇತ್ತು."

"ಮತ್ತೆ ನನ್ನ ಕೈ ಯಾಕೆ ಬೇಡ ಅಂದ್ರಿ?"

ಅವನು ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

"ಆ ದಿನ ನಿಮ್ಮ ಬೆರಳ ಮೇಲೆ ಕೋನಮಾಪಕ ಇಟ್ಟಾಗ, ಇನ್ನೂ ಸ್ವಲ್ಪ ಜಾಸ್ತಿ ತೋರಿಸ್ಲಿ ಅಂತ ಮನಸ್ಸು ಬೇಡ್ಕೊಳ್ತಿತ್ತು. ಹಾಗೆ ಬೇಡ್ಕೊಳ್ಳೋನು ಅಳೀಬಾರದು."

ಅವಳ ಉಸಿರು ಅರ್ಧಕ್ಕೇ ನಿಂತಿತು.

"ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ?"

"ಹೇಳಿದ್ರೆ ನನಗೋಸ್ಕರ ನೋವು ನುಂಗ್ಕೊಂಡು ಮಡಚ್ತಿದ್ರಿ. ನಿಮ್ಮ ಪಾಲು ಮುಗೀಲಿ ಅಂತ ಕಾದೆ."

ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಕೋಪ ಇನ್ನೂ ಏರಿತು. ಅಡಗಿಸಿದ ಕೈಯನ್ನು ಅವನ ಮುಂದೆ ಹಿಡಿದಳು. "ನೀವು ಹೋದ್ಮೇಲೆ ಭಯಕ್ಕೆ ಮಡಚೋದೇ ಬಿಟ್ಟೆ. ಈಗ ಮುಷ್ಟಿ ಕಟ್ಟೋಕೇ ಬರಲ್ಲ."

ಅವನ ಮುಖ ಬಿಳಿಚಿಕೊಂಡಿತು. ಕೆಲಸದಲ್ಲಿ ಮೋಸವಾಗಬಾರದೆಂದು ದೂರ ಹೋದವನು ಅವನು. ಆ ದೂರವೇ ಈ ಕೈಯನ್ನು ಕೆಡಿಸಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಇದು ನನ್ನಿಂದ ಆಗಿದ್ದು. ಸುಳ್ಳು ಹೇಳಲ್ಲ, ಪೂರ್ತಿ ಬಗ್ಗದೇನೂ ಇರಬಹುದು. ಆದ್ರೆ ತುಂಡಾಗೋ ಕಾಲ ದಾಟಿದೆ. ದಿನಾ ಬಂದು ಜೊತೆಗೆ ಕೂತ್ಕೊಳ್ತೀನಿ. ಮುಷ್ಟಿ ಬರಲಿ, ಬರದೇ ಇರಲಿ... ನನಗೆ ನೀವು ಬೇಕು."

ಅವಳ ಕಣ್ಣು ತುಂಬಿತು. ಕೋಪ ಎಲ್ಲಿ ಹೋಯಿತೋ, ಭಯ ಮಾತ್ರ ಅಲ್ಲೇ ಇತ್ತು. ಅವನು ತನ್ನ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಕಾದ.

ಅವಳು ಅದರ ಮೇಲೆ ತನ್ನ ಕೈ ಇಟ್ಟಳು. ಹಲ್ಲು ಕಚ್ಚಿ ಮಡಚಿದಳು. ನಡುಬೆರಳು ಬಂತು. ಉಂಗುರಬೆರಳು ಅರ್ಧದಲ್ಲೇ ತಡೆಯಿತು. ಎಳೆತ, ಉರಿ... ಈಗ ಕಿತ್ತುಹೋಗುತ್ತದೆ, ಈಗಲೇ! ಕಣ್ಣು ಮುಚ್ಚಿ ಇನ್ನೊಂದಿಷ್ಟು ಒತ್ತಿದಳು. ಬೆರಳ ತುದಿ ಅವನ ಕೈಯಂಚನ್ನು ಹಿಡಿಯಿತು. ಏನೂ ತುಂಡಾಗಲಿಲ್ಲ.

"ಎಷ್ಟು ಬಗ್ಗಿತು?" ಕಣ್ಣು ತೆರೆಯದೆ ಕೇಳಿದಳು.

"ನೋಡ್ಲಿಲ್ಲ. ನಿಮ್ಮ ಮುಖ ನೋಡ್ತಿದ್ದೆ."

ಅಳುತ್ತಲೇ ನಕ್ಕಳು. "ಹಾಗಾದ್ರೆ ಇನ್ನೊಂದ್ಸಲ ಹಿಡೀಲಾ?"

"ಮೊದ್ಲು ನನ್ನ ಕೈ ಬಿಟ್ರೆ ತಾನೇ..." ಅಂದ ಅವನು.

ಅವಳು ಬಿಡಲಿಲ್ಲ.