ಮೊದಲು ಬಿಡುಗಡೆ, ಆಮೇಲೆ ಉತ್ತರ

ಕೋರ್ಟಿನ ಮೆಟ್ಟಿಲು ಹತ್ತುವಾಗಲೇ ಮಾರಿಟ್‌ಳ ಬೆರಳುಗಳು ತಣ್ಣಗಾಗಿದ್ದವು. ಮಿನ್ನೆಸೋಟದ ಜನವರಿಯಲ್ಲಿ ಯಾರ ಬೆರಳು ತಾನೇ ಬೆಚ್ಚಗಿರುತ್ತವೆ? ಆದರೆ ಈ ಚಳಿ ಹೊರಗಿನದಲ್ಲ, ಎದೆಯೊಳಗಿನಿಂದ ಇಳಿದು ಬಂದದ್ದು.

ಅವಳು ದೂರದ ಊರಿನ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನಾಳೆ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ ಶುರು. ಮೊದಲ ದಿನ ಬಾರದವರ ಸೀಟು ಇನ್ನೊಬ್ಬರ ಪಾಲು. ಮತ್ತೆ ಸಿಗುವುದು ಮುಂದಿನ ವರ್ಷವೇ. ವಿದ್ಯಾರ್ಥಿಗಳು ಮುಂಚಿತವಾಗಿ ಬರೆದು ಕೇಳಿಕೊಂಡರೆ, ಮೊಕದ್ದಮೆ ಕೇಳಿ ತೀರ್ಪು ಹೇಳಲು ಊರಿನವರನ್ನೇ ಕೂರಿಸುವ ಜ್ಯೂರಿ ಕೆಲಸವನ್ನು ಬೇಸಿಗೆ ರಜೆಗೆ ಮುಂದೂಡುತ್ತಾರೆ, ನಿಜ. ಆದರೆ ಅವಳನ್ನು ಕರೆದ ಸಮನ್ಸ್ ಹೋದದ್ದು ಅಪ್ಪ ಅಮ್ಮನ ಮನೆಗೆ. ಅಮ್ಮ ಅದನ್ನು ಜೋಪಾನವಾಗಿ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಳು. ಅದರ ಮೇಲೆ ಪಿಜ್ಜಾ ಕೂಪನ್ನು, ಅದರ ಮೇಲೆ ಚರ್ಚಿನ ಕ್ಯಾಲೆಂಡರು. ಕ್ರಿಸ್‌ಮಸ್ಸಿಗೆ ಬಂದ ಮಾರಿಟ್ ಅದನ್ನು ಕಾಣುವ ಹೊತ್ತಿಗೆ ಗಡುವು ದಾಟಿತ್ತು. ಉಳಿದದ್ದು ಒಂದೇ ದಾರಿ. ಖುದ್ದಾಗಿ ಬಂದು, ಎಲ್ಲರೆದುರು ಎದ್ದು ನಿಂತು, ಜಡ್ಜ್ ಅವರನ್ನೇ ಕೇಳುವುದು.

ಎಲ್ಲರೆದುರು ಎದ್ದು ನಿಲ್ಲುವುದೆಂದರೆ ಮಾರಿಟ್‌ಗೆ ಜೀವ ಹೋದಂತೆ.

ಜ್ಯೂರಿಗೆ ಕರೆಸಿಕೊಂಡವರು ಕಾಯುವ ಕೋಣೆಯಲ್ಲಿ ಒಂದೇ ಕುರ್ಚಿ ಖಾಲಿಯಿತ್ತು. ಅದರ ಪಕ್ಕದಲ್ಲಿ ಆನ್ಸೆಲ್.

ಸ್ಕೂಲು ಮುಗಿಯುವವರೆಗೂ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದವರು. ಅವನು ಊರಲ್ಲೇ ಉಳಿದು ಪಿಯಾನೋ ಶ್ರುತಿ ಮಾಡುವ ಕೆಲಸ ಕಲಿಯುತ್ತಿದ್ದ. ಅವಳು ಕಾಲೇಜಿಗೆ ಹೊರಟ ದಿನ ಊರಿನ ಅರ್ಧ ಜನ ಬಂದು ಕೈಬೀಸಿದ್ದರು. ಅವನೊಬ್ಬ ಬಂದಿರಲಿಲ್ಲ. ಅಂದಿನಿಂದ ಇಬ್ಬರ ನಡುವೆ ಒಂದು ಮಾತಿಲ್ಲ.

"ಕೂತ್ಕೊಳೆ, ಕಚ್ಚಲ್ಲ," ಎಂದ.

"ನೀನ್ಯಾಕೆ ಬಂದಿದೀಯ?"

"ಇಲ್ಲಿ ಕಾಫಿ ಚೆನ್ನಾಗಿರುತ್ತೆ ಅಂತ ಯಾರೋ ಹೇಳಿದ್ರು. ಶುದ್ಧ ಸುಳ್ಳು." ಓರೆಗಣ್ಣಿನಲ್ಲಿ ಅವಳ ಕೈ ನೋಡಿದ. "ಯಾಕೆ ಹಂಗೆ ನಡುಗ್ತಿದೀಯ?"

"ಚಳಿ."

"ಹೀಟರ್ ಪಕ್ಕ ಕೂತು?"

ಅವನು ಮತ್ತೆ ಕೆಣಕದೆ ತನ್ನ ಉಣ್ಣೆಯ ಕೈಗವಸು ತೆಗೆದು ಅವಳ ಮಡಿಲಲ್ಲಿಟ್ಟು, ಕಿಟಕಿಯಾಚೆ ಏನೋ ದೊಡ್ಡ ವಿಶೇಷವಿರುವವನಂತೆ ಅತ್ತ ತಿರುಗಿದ. ಹಿಂದಿನ ಸಾಲಿನಿಂದ ಒಂದು ಸುಕ್ಕುಗಟ್ಟಿದ ಕೈ ಮುಂದೆ ಬಂತು. ಅದರಲ್ಲೊಂದು ಪೆಪ್ಪರ್‌ಮಿಂಟ್. ಆ ಕೈ ಅರ್ಡಿಸ್‌ಳದು, ಅವರ ಸ್ಕೂಲ್ ಬಸ್ಸು ಓಡಿಸುತ್ತಿದ್ದವಳದು.

"ಬಾಯಿಗೆ ಹಾಕ್ಕೋ ಪುಟ್ಟಿ. ಮುಖ ಸುಣ್ಣ ಬಳಿದ ಗೋಡೆ ಆಗಿದೆ."

ಮಾರಿಟ್ ಮೆಲ್ಲಗೆ ಆನ್ಸೆಲ್‌ಗೆ ಎಲ್ಲವನ್ನೂ ಹೇಳಿದಳು. ಅವನ ಮುಖದ ನಗು ಇಳಿಯಿತು.

"ಕೇಳ್ಬಿಡು. ಜಡ್ಜ್ ಏನು ಕರಡಿನಾ?"

"ಆಗಲ್ಲ ಅಂದ್ಬಿಟ್ರೆ?"

ಆಗಲೇ ಎಲ್ಲರನ್ನೂ ಕೋರ್ಟ್ ಹಾಲಿಗೆ ಕರೆದರು.

ಒಳಗೆ ಎಲ್ಲರೂ ಬಲಗೈ ಎತ್ತಿ ಪ್ರಮಾಣ ಮಾಡಿದರು. ಜಡ್ಜ್ ಓಡೆಗಾರ್ಡ್ ತೊಂದರೆ ಇರುವವರು ಹೇಳಬಹುದು ಎಂದಾಗ ಮಾರಿಟ್ ಹೇಗೋ ಎದ್ದಳು. ಬಂದದ್ದು ಮೂರೇ ಮಾತು: ಕಾಲೇಜು, ನಾಳೆ, ಆಸ್ಪತ್ರೆ.

"ಇಲ್ಲಿ ಎಲ್ಲರಿಗೂ ಏನಾದ್ರೊಂದು ಇದೆಯಮ್ಮ. ಅವರಿಗೆ ಹಸುಗಳಿವೆ, ಇವರಿಗೆ ಅಂಗಡಿ ಇದೆ," ಎಂದರು ಜಡ್ಜ್. ಬಿರುಸೇನೂ ಇರಲಿಲ್ಲ ದನಿಯಲ್ಲಿ. "ಕೂತ್ಕೊಳ್ಳಿ. ಆಮೇಲೆ ನೋಡ್ತೀನಿ."

ಬಿಡುತ್ತೇನೆ ಎನ್ನಲಿಲ್ಲ, ಬಿಡುವುದಿಲ್ಲ ಎಂದೂ ಇಲ್ಲ. ಅಷ್ಟರಲ್ಲಿ ಹೆಸರುಗಳನ್ನು ಕೂಗಿದರು. ಮಾರಿಟ್, ಆನ್ಸೆಲ್, ಅರ್ಡಿಸ್ ಮೂವರೂ ಜ್ಯೂರಿ ಕಟಕಟೆಯೊಳಗೆ ಬಂದು ಕೂತರು. ಎದುರಿಗೆ ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಕದ್ದ ಆರೋಪ ಹೊತ್ತವನು. ಅಪ್ಪನ ವಯಸ್ಸು; ಶರ್ಟಿನ ಕಾಲರನ್ನು ಯಾರೋ ಅಕ್ಕರೆಯಿಂದ ಇಸ್ತ್ರಿ ಮಾಡಿ ಕಳಿಸಿದ್ದರು. ಅವನ ಹಣೆಬರಹ ತನ್ನ ಬಾಯಿಂದ ಬರಬೇಕೇ?

"ನಿಮ್ಮಲ್ಲಿ ಒಬ್ಬರಿಗೊಬ್ಬರು ಪರಿಚಯ ಇರೋರು ಕೈ ಎತ್ತಿ," ಎಂದರು ಜಡ್ಜ್.

ಎಲ್ಲ ಕೈಗಳೂ ಮೇಲೆದ್ದವು. ಕೋರ್ಟು ನಕ್ಕಿತು.

"ಈ ಸಣ್ಣ ಕೌಂಟೀಲಿ ಇದನ್ನ ಕೇಳೋದೇ ತಪ್ಪು. ಹೋಗ್ಲಿ, ಹೀಗೆ ಕೇಳ್ತೀನಿ. ಒಳಗೆ ಬಾಗಿಲು ಹಾಕ್ಕೊಂಡು ಚರ್ಚೆ ಮಾಡುವಾಗ, 'ಇವರ ಮಾತಿಗೆ ಇಲ್ಲ ಅನ್ನೋಕೆ ನನ್ನಿಂದಾಗಲ್ಲ' ಅಂತ ನಿಮಗನ್ನಿಸೋ ಅಂಥವರು ಯಾರಾದ್ರೂ ಪಕ್ಕದಲ್ಲಿದಾರಾ? ಪ್ರಮಾಣ ಮಾಡಿದೀರಿ, ನೆನಪಿರಲಿ."

ಎಲ್ಲ ಕೈಗಳೂ ಇಳಿದವು. ಮಾರಿಟ್‌ಳ ಕೈ ಮಾತ್ರ ಮಡಿಲಲ್ಲೇ ಒಮ್ಮೆ ಮಿಸುಕಿತು.

ಇದ್ದ. ಪಕ್ಕದಲ್ಲೇ ಇದ್ದ. ಹೇಳಿದರೆ ಈ ಕ್ಷಣವೇ ಬಿಡುಗಡೆ; ಆದರೆ ತಾನು ತಪ್ಪಿಸಿಕೊಳ್ಳಲು ಅವನನ್ನು ಬಳಸಿಕೊಂಡೆ ಎಂದೇ ಅವನು ತಿಳಿದಾನು. ಹೇಳದಿದ್ದರೆ ಪ್ರಮಾಣ ಮಾಡಿ ಸುಳ್ಳಾಡಿದಂತೆ.

ಅಷ್ಟರಲ್ಲಿ ಪಕ್ಕದಲ್ಲೊಂದು ಕೈ ಮೇಲೆದ್ದಿತು.

"ನನಗಿದಾರೆ ಮೇಡಂ," ಎಂದ ಆನ್ಸೆಲ್. "ಇವಳು."

"ಅಬ್ಬಾ, ಕೊನೆಗೂ!" ಎಂದಳು ಅರ್ಡಿಸ್.

"ಅರ್ಡಿಸ್!" ಜಡ್ಜ್ ಗದರಿ, ಆನ್ಸೆಲ್ ಕಡೆ ತಿರುಗಿದರು. "ಇದು ಅವರನ್ನ ಬಿಡಿಸೋ ಉಪಾಯನಾ?"

"ಬಿಟ್ರೆ ನನಗೇನೂ ಬೇಜಾರಿಲ್ಲ ಮೇಡಂ. ಆದ್ರೆ ನಿಜ. ಹೈಸ್ಕೂಲಿಂದ ನಿಜ." ಕಿವಿ ಕೆಂಪಾಗಿದ್ದರೂ ಅವನು ನಿಲ್ಲಿಸಲಿಲ್ಲ. "ಅವಳು ಕಾಲೇಜಿಗೆ ಹೊರಟ ದಿನ ಅವಳ ಮನೆ ಗೇಟಿನ ತನಕ ಹೋಗಿ ವಾಪಸ್ ಬಂದೆ. ಹೋಗ್ಬೇಡ ಅಂದ್ಬಿಡ್ತೀನೇನೋ ಅಂತ ಹೆದರಿಕೆ ಆಯ್ತು."

ಜಡ್ಜ್ ಮಾರಿಟ್‌ಳನ್ನು ನೋಡಿದರು. "ನಿಮ್ಮ ಕಡೆಯಿಂದ?"

ಇಡೀ ಕೋರ್ಟು ಅವಳತ್ತ ತಿರುಗಿತು. ಮಾರಿಟ್ ಎದ್ದಳು. ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೇಡಂ, ಮೊದಲು ನನ್ನ ಕಾಲೇಜಿನ ವಿಷಯ ತೀರ್ಮಾನ ಮಾಡಿ. ಆಮೇಲೆ ಇದಕ್ಕೆ ಉತ್ತರ ಹೇಳ್ತೀನಿ."

"ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳೋದು ನಾನು."

"ಗೊತ್ತು ಮೇಡಂ. ಆದ್ರೆ ಈಗ ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಹೇಳ್ದೆ ಅಂತಾಗುತ್ತೆ. ಇವನ ಮನಸ್ಸಲ್ಲಿ ಆ ಅನುಮಾನ ಒಂದು ಮೂಲೇಲಿ ಕೂತೇ ಇರುತ್ತೆ. ನೀವು ಬಿಡಲ್ಲ ಅಂದ್ರೆ ಸೀಟು ಹೋಗ್ಲಿ, ಇರ್ತೀನಿ. ಮೊದಲು ಅದು ಮುಗೀಲಿ."

ಇಷ್ಟು ಮಾತು ತನ್ನ ಬಾಯಿಂದ ಬಂತೇ? ಜಡ್ಜ್ ಅವಳು ತಂದಿದ್ದ ಕಾಲೇಜಿನ ಪತ್ರ ತರಿಸಿಕೊಂಡು ಓದಿದರು. ಎರಡೂ ಕಡೆಯ ವಕೀಲರು ತಕರಾರಿಲ್ಲವೆಂದರು.

"ಜೂನ್‌ಗೆ ಮುಂದೂಡಿದೀನಿ. ಆಗ ಬರದಿದ್ರೆ ನಾನೇ ಹುಡುಕ್ಕೊಂಡು ಬರ್ತೀನಿ. ಹೋಗಿ ಬನ್ನಿ. ಇನ್ನು ಯಾವ ಪ್ರಶ್ನೆಗೂ ನೀವು ಉತ್ತರ ಕೊಡಬೇಕಾಗಿಲ್ಲ." ಆನ್ಸೆಲ್ ಕಡೆ ತಿರುಗಿ, "ಅವರು ಹೋದ್ಮೇಲೆ ನಿಮಗೇನು ಅಡ್ಡಿ? ನೀವು ಕೂತಿರಿ," ಎಂದರು.

ನಗು ಹರಿಯಿತು. ಆನ್ಸೆಲ್ ತಲೆ ತಗ್ಗಿಸಿ ಕೂತ.

ಮಾರಿಟ್ ಕೋಟು ಎತ್ತಿಕೊಂಡು ಬಾಗಿಲವರೆಗೆ ನಡೆದಳು. ಆಚೆ ಹಿಮ, ಕಾರು, ದೂರದ ದಾರಿ. ಹಾಗೇ ಹೋಗಿಬಿಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವಳು ತಿರುಗಿ ನಿಂತಳು.

"ಹೌದು," ಎಂದಳು, ತುಟಿ ಮಾತ್ರ ಅಲುಗುವಂತೆ.

ಮೂಲೆಯಲ್ಲಿ ಕೋರ್ಟಿನ ಮಾತೆಲ್ಲ ದಾಖಲಿಸುತ್ತಿದ್ದ ಸ್ಟೆನೋ ಬೆರಳು ನಿಲ್ಲಿಸಿ ತಲೆಯೆತ್ತಿದರು. "ಸ್ವಲ್ಪ ಜೋರಾಗಿ ಹೇಳಮ್ಮ. ನಾನು ಟೈಪ್ ಮಾಡ್ಕೋಬೇಕು."

ಮಾರಿಟ್ ತುಂಬ ಉಸಿರೆಳೆದುಕೊಂಡಳು. ಜಡ್ಜ್ ಅವರನ್ನಲ್ಲ, ಆನ್ಸೆಲ್‌ನನ್ನೇ ನೋಡುತ್ತ ಹೇಳಿದಳು.

"ಹೌದು ಅಂದೆ. ಇವನಿಗೆ ಇಲ್ಲ ಅನ್ನೋಕೆ ನನ್ನಿಂದಲೂ ಆಗಲ್ಲ."